ಗಾಳಿ ಕಡಿಮೆ ಮಾಡದೆ ಸ್ಕಿಮ್ಮರ್ ಸದ್ದು ಅಡಗಿಸುವುದು

ಉಪ್ಪುನೀರಿನ ಅಕ್ವೇರಿಯಂನ ಕೊಳೆಯನ್ನು ನೊರೆಯ ಜೊತೆ ಮೇಲಿನ ಕಪ್‌ಗೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಪೂರ್ತಿ ಸದ್ದಿಲ್ಲದೆ ಓಡುವುದಿಲ್ಲ. ಗಾಳಿ ಎಳೆದುಕೊಂಡು, ಅದನ್ನು ಉಪ್ಪುನೀರಿನ ಜೊತೆ ಚಚ್ಚಿ ನೊರೆ ಎಬ್ಬಿಸುವುದೇ ಅದರ ಕೆಲಸ. ಹಾಗಾಗಿ ಸಣ್ಣ ಸದ್ದು ಇದ್ದೇ ಇರುತ್ತದೆ. ಆದರೆ ಕ್ಯಾಬಿನೆಟ್ ಬಾಗಿಲು ಮುಚ್ಚಿದ ಮೇಲೂ ಪಕ್ಕದ ಕೋಣೆಗೆ ಕೇಳಿಸುತ್ತಿದೆ, ಅಥವಾ ನಿನ್ನೆವರೆಗೂ ಸುಮ್ಮನಿದ್ದದ್ದು ಇವತ್ತು ಇದ್ದಕ್ಕಿದ್ದಂತೆ ಗರಗರ ಅನ್ನುತ್ತಿದೆ ಅಂದರೆ ಏನೋ ಸರಿಯಿಲ್ಲ.

ಇಂಥ ಹೊತ್ತಲ್ಲಿ ಬಹಳ ಜನ ಮೊದಲು ಮಾಡುವುದು ಏರ್ ವಾಲ್ವ್ ತಿರುಗಿಸಿ ಗಾಳಿ ಕಡಿಮೆ ಮಾಡುವುದು. ಸದ್ದು ತಗ್ಗುತ್ತದೆ, ನಿಜ. ಆದರೆ ಗುಳ್ಳೆಯೂ ತಗ್ಗುತ್ತದೆ, ಕಪ್‌ಗೆ ಬರುವ ಕೊಳೆಯೂ ತಗ್ಗುತ್ತದೆ, ಕೊನೆಗೆ ಸ್ಕಿಮ್ಮರ್ ಇದ್ದೂ ಇಲ್ಲದ ಹಾಗೆ ಆಗುತ್ತದೆ. ಕರೆಂಟ್ ಮಾತ್ರ ಅಷ್ಟೇ ಉರಿಯುತ್ತಿರುತ್ತದೆ. ಆದ್ದರಿಂದ ಇಲ್ಲಿ ಹೇಳುವ ಯಾವ ಉಪಾಯದಲ್ಲೂ ಗಾಳಿಗೆ ಕತ್ತರಿ ಹಾಕುವುದಿಲ್ಲ. ಸದ್ದು ಎಲ್ಲಿಂದ ಬರುತ್ತಿದೆ ಅಂತ ಹಿಡಿದು, ಅದೊಂದನ್ನೇ ಸರಿ ಮಾಡುವುದು.

ಮೊದಲು ಕಿವಿಗೆ ಕೆಲಸ ಕೊಡಿ

ಸ್ಕಿಮ್ಮರ್ ಪ್ಲಗ್ ತೆಗೆದು ಒಂದು ನಿಮಿಷ ಬಿಡಿ. ತೆಗೆಯುವ ಮುಂಚೆ ಸಂಪ್‌ನಲ್ಲಿ (ಟ್ಯಾಂಕ್ ಕೆಳಗೆ, ಕ್ಯಾಬಿನೆಟ್ ಒಳಗೆ ಸ್ಕಿಮ್ಮರ್ ಕೂರುವ ತೊಟ್ಟಿ) ಮೇಲೆ ಜಾಗ ಇದೆಯಾ ನೋಡಿಕೊಳ್ಳಿ, ಯಾಕೆಂದರೆ ಸ್ಕಿಮ್ಮರ್ ಒಳಗೆ ನಿಂತ ನೀರೆಲ್ಲ ಕೆಳಗೆ ಇಳಿದು ಸಂಪ್ ಮಟ್ಟ ಏರುತ್ತದೆ. ಸ್ಕಿಮ್ಮರ್ ನಿಂತ ಮೇಲೂ ಸದ್ದು ಹಾಗೇ ಇದ್ದರೆ ತಪ್ಪು ಅದರದ್ದಲ್ಲ. ಟ್ಯಾಂಕ್‌ನಿಂದ ಸಂಪ್‌ಗೆ ನೀರು ಇಳಿಸುವ ಓವರ್‌ಫ್ಲೋ ಪೈಪ್ ಗಾಳಿ ನುಂಗುತ್ತಿರಬಹುದು, ಇಲ್ಲ ನೀರನ್ನು ಮತ್ತೆ ಮೇಲಕ್ಕೆ ಕಳಿಸುವ ರಿಟರ್ನ್ ಪಂಪ್ ಕೂಗುತ್ತಿರಬಹುದು. ಎಲ್ಲವೂ ಒಂದೇ ಕ್ಯಾಬಿನೆಟ್ ಒಳಗೆ ಇರುವುದರಿಂದ ಕಿವಿ ಸುಲಭವಾಗಿ ಮೋಸ ಹೋಗುತ್ತದೆ.

ಸದ್ದು ಸ್ಕಿಮ್ಮರ್‌ದೇ ಅಂತ ಗೊತ್ತಾದರೆ ಮತ್ತೆ ಹಾಕಿ. ಈಗ ಏರ್ ಟ್ಯೂಬ್‌ನ ಬಾಯಿಯನ್ನು ಬೆರಳಿಂದ ಎರಡು ಮೂರು ಸೆಕೆಂಡ್ ಮುಚ್ಚಿ. ಸದ್ದು ತಟ್ಟನೆ ಮಾಯವಾದರೆ ಗಾಳಿಯ ದಾರಿಯಲ್ಲಿ ತೊಂದರೆ ಇದೆ. ಗುಂಯ್ ಅನ್ನುವುದು ಅಥವಾ ಕಟಕಟ ಹಾಗೇ ಉಳಿದರೆ ಪಂಪ್‌ನದ್ದು, ಇಲ್ಲ ನಡುಕದ್ದು. ಆಮೇಲೆ ನೀರಿನ ಮೇಲೆ ಕಾಣುವ ಕುತ್ತಿಗೆ ಭಾಗವನ್ನು ಹಿಡಿದು ಸ್ಕಿಮ್ಮರನ್ನು ಚೂರೇ ಚೂರು ಎತ್ತಿ. ಎತ್ತಿದ ತಕ್ಷಣ ಗುಂಯ್ ಕಡಿಮೆಯಾದರೆ ಪಂಪ್ ಚೆನ್ನಾಗೇ ಇದೆ, ಅದರ ನಡುಕ ಸಂಪ್‌ನ ತಳಕ್ಕೆ ಇಳಿದು ಅಲ್ಲಿಂದ ಮರದ ಹಲಗೆಗೆ ಹೋಗುತ್ತಿದೆ. ಇನ್ನೂ ಅನುಮಾನ ಇದ್ದರೆ ಒಂದು ಒಣ ಪಿವಿಸಿ ಪೈಪ್ ತುಂಡಿನ ಒಂದು ತುದಿಯನ್ನು ಸ್ಕಿಮ್ಮರ್ ಮೇಲೋ ಸಂಪ್ ಗಾಜಿನ ಮೇಲೋ ಇಟ್ಟು, ಇನ್ನೊಂದು ತುದಿಗೆ ಕಿವಿ ಕೊಡಿ. ಎಲ್ಲಿ ಜೋರಾಗಿದೆ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನೀರೊಳಗೆ ಕೈ ಹಾಕುವ ಮುಂಚೆ ಪ್ಲಗ್ ತೆಗೆಯಿರಿ, ಪ್ರತಿ ಸಲವೂ. ಹಳೇ ಪಂಪ್‌ನ ವೈರ್ ಒಳಗೆ ಉಪ್ಪುನೀರು ಸೇರಿದರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಟ್ಯಾಂಕ್‌ನ ಲೈನ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗೇ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಸದ್ದಿನ ವಿಷಯ ಆಮೇಲೆ ನೋಡೋಣ, ಮೊದಲು ಅದನ್ನು ಹಾಕಿಸಿ.

ಬುಸ್ ಅನ್ನುತ್ತಿದ್ದರೆ, ಗೊರಗೊರ ಎಳೆಯುತ್ತಿದ್ದರೆ

ಗಾಳಿಯ ಸದ್ದು ಎರಡು ಥರ. ಒಂದು, ಬಿಡದೆ ಬುಸ್ ಅನ್ನುವುದು. ಸಣ್ಣ ತೂತಿನಲ್ಲಿ ಜಾಸ್ತಿ ಗಾಳಿ ವೇಗವಾಗಿ ನುಗ್ಗಿದಾಗ ಬರುವ ಸದ್ದು ಅದು. ಸ್ಕಿಮ್ಮರ್ ಜೊತೆ ಬಂದ ಸೈಲೆನ್ಸರ್ ಎಲ್ಲಿದೆ ಅಂತ ಒಮ್ಮೆ ಹುಡುಕಿ. ಟ್ಯೂಬ್ ತುದಿಗೆ ಸಿಕ್ಕಿಸುವ ಸಣ್ಣ ಡಬ್ಬಿ ಅಥವಾ ಸ್ಪಂಜ್ ತುಂಬಿದ ಕೊಳವೆ. ಇದು ಏನಕ್ಕೆ ಅಂತ ಗೊತ್ತಾಗದೆ ಪೆಟ್ಟಿಗೆಯಲ್ಲೇ ಬಿಟ್ಟವರು ಎಷ್ಟೋ ಜನ. ಹಾಕಿದ್ದರೂ ಅದರೊಳಗೆ ಧೂಳು, ಉಪ್ಪು ಕಟ್ಟಿರುತ್ತದೆ. ಬಿಚ್ಚಿ ಬಿಸಿನೀರಲ್ಲಿ ತೊಳೆದು, ಒಣಗಿಸಿ ಹಾಕಿ.

ಸೈಲೆನ್ಸರ್ ಕಳೆದುಹೋಗಿದ್ದರೆ ಮನೆಯಲ್ಲೇ ಮಾಡಬಹುದು. ಬಿಗಿ ಮುಚ್ಚಳದ ಅರ್ಧ ಲೀಟರ್ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಮುಚ್ಚಳದಲ್ಲಿ ಏರ್ ಟ್ಯೂಬ್ ಬಿಗಿಯಾಗಿ ಕೂರುವಷ್ಟು ತೂತು ಮಾಡಿ. ಗಾಳಿ ಒಳಗೆ ಬರಲು ಬಾಟಲಿಯ ತಳದ ಕಡೆ ಇನ್ನೊಂದು ತೂತು, ಇದು ಟ್ಯೂಬ್‌ನ ಒಳ ಅಗಲಕ್ಕಿಂತ ದೊಡ್ಡದಿರಬೇಕು. ಒಳಗೆ ಒರಟು ಸ್ಪಂಜ್ ತುಂಡುಗಳನ್ನು ಸಡಿಲವಾಗಿ ತುಂಬಿ. ಹತ್ತಿ ತುರುಕಬೇಡಿ. ಒದ್ದೆಯಾದರೆ ಅದು ಗಟ್ಟಿಯಾಗಿ ಗಾಳಿಯನ್ನೇ ಕಟ್ಟಿಹಾಕುತ್ತದೆ. ಬಾಟಲಿ ಸಿಕ್ಕಿಸುವ ಮುಂಚೆ ಸ್ಕಿಮ್ಮರ್ ಒಳಗೆ ನೊರೆ ಎಲ್ಲಿಯವರೆಗೆ ಇದೆ ಅಂತ ಹೊರಗಿನಿಂದ ಟೇಪ್ ಹಚ್ಚಿ ಗುರುತು ಮಾಡಿ, ಸಿಕ್ಕಿಸಿ ಸ್ವಲ್ಪ ಹೊತ್ತಾದ ಮೇಲೂ ಅಲ್ಲೇ ಇದ್ದರೆ ಗಾಳಿ ಕಡಿಮೆಯಾಗಿಲ್ಲ ಅಂತ ಲೆಕ್ಕ.

ಇನ್ನೂ ಒಳ್ಳೆ ಉಪಾಯ ಅಂದರೆ ಟ್ಯೂಬನ್ನೇ ಉದ್ದ ಮಾಡಿ ಅದರ ಬಾಯಿಯನ್ನು ಕ್ಯಾಬಿನೆಟ್ ಹೊರಗೆ, ಸಾಧ್ಯವಾದರೆ ಮನೆಯಿಂದಲೇ ಹೊರಗೆ ಬಿಡುವುದು. ಸದ್ದು ಹೊರಗೆ ಹೋಗುತ್ತದೆ. ಜೊತೆಗೆ ಹೊರಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ ಇರುವುದರಿಂದ ಟ್ಯಾಂಕ್‌ನ ಪಿಎಚ್ ಕೂಡ ಸಾಮಾನ್ಯವಾಗಿ ಸ್ವಲ್ಪ ಏರುತ್ತದೆ. ಉದ್ದ ಜಾಸ್ತಿಯಾದರೆ ಟ್ಯೂಬ್ ಅಗಲವೂ ಜಾಸ್ತಿ ಇರಲಿ, ಇಲ್ಲದಿದ್ದರೆ ಗಾಳಿ ಎಳೆಯಲು ಪಂಪ್ ಒದ್ದಾಡುತ್ತದೆ. ಬಾಯಿ ಎಲ್ಲೇ ಇರಲಿ, ಸ್ಕಿಮ್ಮರ್ ಕುತ್ತಿಗೆಗಿಂತ ಎತ್ತರದಲ್ಲಿ ಇರಬೇಕು. ಕೆಳಗೆ ಜೋತುಬಿದ್ದರೆ ಪಂಪ್ ನಿಂತಾಗ ನೀರು ಅದರ ಮೂಲಕ ಹೊರಗೆ ಹರಿಯಬಹುದು. ಹೊರಗೆ ಬಿಟ್ಟ ಬಾಯಿಗೆ ಒಂದು ಸಣ್ಣ ಬಲೆ ಕಟ್ಟಿ, ಹುಳ ಹುಪ್ಪಟೆ ಒಳಗೆ ಹೋಗದಿರಲಿ. ಅತ್ತ ಕಡೆ ಕೀಟನಾಶಕ ಸಿಂಪಡಿಸುವ ಅಭ್ಯಾಸ ಇದ್ದರೆ ಈ ಉಪಾಯವನ್ನೇ ಬಿಟ್ಟುಬಿಡಿ, ಸ್ಕಿಮ್ಮರ್ ಅದನ್ನೂ ಎಳೆದು ನೀರಿಗೆ ಬೆರೆಸುತ್ತದೆ.

ಎರಡನೇದು, ಬಿಟ್ಟು ಬಿಟ್ಟು ಬರುವ ಗೊರ್ ಗೊರ್. ಲೋಟ ಖಾಲಿಯಾದ ಮೇಲೂ ಸ್ಟ್ರಾ ಎಳೆದ ಹಾಗೆ ಇರುತ್ತದೆ. ಇದಕ್ಕೆ ಕಾರಣ ಹೆಚ್ಚುಕಮ್ಮಿ ಯಾವಾಗಲೂ ಉಪ್ಪು. ಏರ್ ಟ್ಯೂಬ್ ಪಂಪ್‌ಗೆ ಸೇರುವ ಜಾಗದಲ್ಲಿ, ಅಂದರೆ ವೆಂಚುರಿಯಲ್ಲಿ, ಒಳಗಡೆ ಒದ್ದೆ, ಹೊರಗಿನಿಂದ ಒಣ ಗಾಳಿ. ಪಂಪ್ ನಿಂತಾಗಲೆಲ್ಲ ನೀರು ಟ್ಯೂಬ್ ಒಳಗೆ ಏರುತ್ತದೆ, ಮತ್ತೆ ಓಡಿದಾಗ ಗೋಡೆಗೆ ಅಂಟಿದ ನೀರು ಒಣಗಿ ಉಪ್ಪು ಉಳಿಯುತ್ತದೆ. ಟ್ಯೂಬ್ ಕಿತ್ತು ಬೆಳಕಿಗೆ ಹಿಡಿದರೆ ಕಾಣುತ್ತದೆ: ಬಾಯಿ ಸುತ್ತ ಬಿಳಿ ಬಳೆ ಕಟ್ಟಿ, ನಡುವೆ ಸೂಜಿ ತೂರುವಷ್ಟು ಜಾಗ ಉಳಿದಿರುತ್ತದೆ. ಅಷ್ಟರಲ್ಲೇ ಪಂಪ್ ಇಡೀ ಸ್ಕಿಮ್ಮರ್‌ಗೆ ಬೇಕಾದ ಗಾಳಿ ಎಳೆಯಬೇಕು. ಸದ್ದು ಬರದೆ ಇನ್ನೇನು?

ಇದನ್ನು ಬಿಡಿಸುವುದು ಬಹಳ ಸುಲಭ. ಒಂದು ಲೋಟ ಬಿಸಿ ಆರ್‌ಓ ನೀರು ತೆಗೆದುಕೊಳ್ಳಿ, ಕೈಗೆ ತಡೆಯುವಷ್ಟು ಬಿಸಿ ಸಾಕು, ಕುದಿಯುವುದು ಬೇಡ. ಸ್ಕಿಮ್ಮರ್ ಓಡುತ್ತಿರುವಾಗಲೇ ಟ್ಯೂಬ್ ಬಾಯಿಯನ್ನು ಲೋಟದಲ್ಲಿ ಅದ್ದಿ. ಸರ್ರನೆ ಎಳೆದುಕೊಳ್ಳುತ್ತದೆ. ಒಂದೇ ಸಲ ಖಾಲಿ ಮಾಡಬೇಡಿ. ಒಂದು ಗುಟುಕು ನೀರು, ನಾಲ್ಕು ಸೆಕೆಂಡ್ ಗಾಳಿ, ಮತ್ತೆ ಒಂದು ಗುಟುಕು. ಉಪ್ಪು ಕರಗುತ್ತಾ ಬಂದ ಹಾಗೆ ಗೊರಗೊರ ಹೋಗಿ ಒಂದೇ ಸಮನೆ ಉಸಿರು ಎಳೆಯುವ ಸದ್ದು ಆಗುತ್ತದೆ. ಗಾಳಿ ಇದ್ದಕ್ಕಿದ್ದಂತೆ ಜಾಸ್ತಿಯಾಗುವುದರಿಂದ ನೊರೆ ಉಕ್ಕಿ ಕಪ್ ತುಂಬಬಹುದು, ಮೊದಲೇ ಕಪ್ ಖಾಲಿ ಮಾಡಿ ಇಟ್ಟುಕೊಳ್ಳಿ. ವಾರಕ್ಕೊಮ್ಮೆ ಮಾಡಿದರೆ ಉಪ್ಪು ಗಟ್ಟಿಯಾಗಲು ಸಮಯವೇ ಸಿಗುವುದಿಲ್ಲ. ಹಳೇ ಉಪ್ಪು ಕಲ್ಲಿನ ಹಾಗೆ ಕೂತಿದ್ದರೆ ಪಂಪ್ ಬಿಚ್ಚಿ ನೆನೆಸಬೇಕು. ಆಗಲೂ ಟೂತ್‌ಪಿಕ್ ಬಳಸಿ, ತಂತಿ ಹಾಕಿ ಕೆರೆಯಬೇಡಿ. ತೂತು ದೊಡ್ಡದಾದರೆ ಗಾಳಿ ನೀರಿನ ಲೆಕ್ಕವೇ ತಪ್ಪುತ್ತದೆ.

ಅಂದ ಹಾಗೆ ಏರ್ ವಾಲ್ವ್ ಅರ್ಧ ಮುಚ್ಚಿದ್ದರೆ ಅದೇ ಶಿಳ್ಳೆ ಹೊಡೆಯುತ್ತದೆ. ಪೂರ್ತಿ ತೆರೆದುಬಿಡಿ. ನೊರೆಯ ಎತ್ತರವನ್ನು ನೀರಿನ ವಾಲ್ವ್‌ನಿಂದ ಹೊಂದಿಸಿ, ಗಾಳಿಯಿಂದಲ್ಲ.

ಗರಗರ, ಕಟಕಟ: ಪಂಪ್ ಬಿಚ್ಚುವ ಕೆಲಸ

ಪಂಪ್ ಬಿಚ್ಚಲು ಹೆದರುವವರು ಜಾಸ್ತಿ. ಒಳಗೆ ತಿರುಗುವುದು ಒಂದೇ ಒಂದು ವಸ್ತು: ಒಂದು ಕಡೆ ಆಯಸ್ಕಾಂತ, ಇನ್ನೊಂದು ಕಡೆ ಮುಳ್ಳುಮುಳ್ಳಿನ ಚಕ್ರ. ಅದೇ ನೀಡಲ್ ವೀಲ್ ಇಂಪೆಲ್ಲರ್. ನಡುವೆ ಸೆರಾಮಿಕ್ ಕಡ್ಡಿ, ಕಡ್ಡಿಯ ತುದಿಗಳಲ್ಲಿ ಪುಟ್ಟ ರಬ್ಬರ್ ಬುಶ್. ಅಷ್ಟೇ.

ಪ್ಲಗ್ ತೆಗೆದು ಸ್ಕಿಮ್ಮರನ್ನು ಎತ್ತಿ, ಒಂದು ಅಗಲ ಟ್ರೇ ಮೇಲೆ ಇಟ್ಟು ಬಿಚ್ಚಿ. ಸಿಂಕ್‌ನಲ್ಲಿ ಬಿಚ್ಚಬೇಡಿ. ಆ ಪುಟ್ಟ ಬುಶ್ ಜಾರಿ ಮೋರಿಗೆ ಹೋದರೆ, ತೊಳೆದ ಮೇಲೆ ಮೊದಲಿಗಿಂತ ಜಾಸ್ತಿ ಸದ್ದು ಮಾಡುವ ಪಂಪ್ ನಿಮ್ಮದಾಗುತ್ತದೆ. ಪ್ರತಿ ಹಂತದಲ್ಲಿ ಫೋನ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದಿನ ಮುಚ್ಚಳ ಕೆಲವಕ್ಕೆ ತಿರುಗಿಸಿದರೆ ಬರುತ್ತದೆ, ಕೆಲವಕ್ಕೆ ಸ್ಕ್ರೂ ಇರುತ್ತದೆ. ಇಂಪೆಲ್ಲರನ್ನು ಮುಳ್ಳು ಹಿಡಿದು ಎಳೆಯಬೇಡಿ, ಬುಡ ಹಿಡಿದು ನೇರವಾಗಿ ಎಳೆಯಿರಿ. ಆಯಸ್ಕಾಂತ ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಓರೆ ಮಾಡಿದರೆ ಸೆರಾಮಿಕ್ ಕಡ್ಡಿ ಪಟ್ಟನೆ ಮುರಿಯುತ್ತದೆ.

ಹೊರಗೆ ಬಂದದ್ದನ್ನು ಒಮ್ಮೆ ಚೆನ್ನಾಗಿ ನೋಡಿ. ಆಯಸ್ಕಾಂತದ ಮೇಲೆ ಬಿಳಿ ಬೂದು ಬಣ್ಣದ ಗಟ್ಟಿ ಪದರ ಇದ್ದರೆ ಅದು ಸುಣ್ಣ, ಕ್ಯಾಲ್ಸಿಯಂ ಕಾರ್ಬೊನೇಟ್. ಅಲ್ಲಲ್ಲಿ ನೇರಳೆ ಬಣ್ಣದ ಕೋರಲೈನ್ ಪಾಚಿ, ಮುಳ್ಳುಗಳ ನಡುವೆ ಸಣ್ಣ ಶಂಖದ ಹುಳದ ಚಿಪ್ಪು, ಬಿಳಿ ಕೊಳವೆ ಹುಳಗಳ ಗೂಡು, ಮರಳಿನ ಕಣ ಕೂಡ ಸಿಗಬಹುದು. ಆಯಸ್ಕಾಂತಕ್ಕೂ ಅದು ಕೂರುವ ಗುಳಿಗೂ ನಡುವೆ ಇರುವುದೇ ತೀರಾ ಕಡಿಮೆ ಜಾಗ. ತೆಳು ಪದರ ಕಟ್ಟಿದರೂ ಉಜ್ಜಲು ಶುರು, ಗರಗರ ಬರುವುದೇ ಅಲ್ಲಿಂದ.

ಉಜ್ಜಿ ಕೆರೆದು ತೆಗೆಯಲು ಹೋಗಬೇಡಿ, ನೆನೆಸಿ. ಬಿಳಿ ವಿನೆಗರ್ ಮತ್ತು ನೀರು ಸಮಸಮ, ಅಥವಾ ಒಂದು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಿಟ್ರಿಕ್ ಆಸಿಡ್ ಪುಡಿ. ಸಿಟ್ರಿಕ್ ಆಸಿಡ್ ವಾಸನೆ ಬರುವುದಿಲ್ಲ, ಕೆಲಸವೂ ಚುರುಕು, ನನ್ನ ಆಯ್ಕೆ ಅದೇ. ಹಾಕಿದ ಕೂಡಲೇ ಸುಣ್ಣದಿಂದ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಗುಳ್ಳೆ ನಿಂತಾಗ ಎತ್ತಿ ನೋಡಿ. ಸುಣ್ಣ ಇನ್ನೂ ಇದ್ದರೆ ದ್ರಾವಣದ ಶಕ್ತಿ ಮುಗಿದಿದೆ ಅಂತ ಅರ್ಥ, ಹೊಸದು ಮಾಡಿ. ಸಾಮಾನ್ಯಕ್ಕೆ ಒಂದು ಗಂಟೆ ಸಾಕು. ರಬ್ಬರ್ ಬುಶ್, ಓ-ರಿಂಗ್‌ಗಳನ್ನು ಜಾಸ್ತಿ ಹೊತ್ತು ನೆನೆಸಬೇಡಿ, ಒರೆಸಿ ಪಕ್ಕಕ್ಕಿಡಿ. ಪಂಪ್ ಗುಳಿಯ ಒಳಗೂ ದ್ರಾವಣ ಹೋಗಬೇಕು. ಎಲ್ಲ ಜೋಡಿಸಿ, ಬಕೆಟ್‌ನಲ್ಲಿ ಮುಳುಗಿಸಿ ಪಂಪನ್ನೇ ಓಡಿಸಿದರೆ ಗುಳಿ, ವೆಂಚುರಿ ಎಲ್ಲ ಒಟ್ಟಿಗೆ ಶುದ್ಧವಾಗುತ್ತದೆ. ಕೊನೆಗೆ ಹಳೇ ಟೂತ್‌ಬ್ರಷ್‌ನಿಂದ ಒಂದು ಸಲ ಉಜ್ಜಿ, ಚೆನ್ನಾಗಿ ತೊಳೆಯಿರಿ. ಇದಕ್ಕೆ ಬ್ಲೀಚ್ ಮಾತ್ರ ಬೆರೆಸಬೇಡಿ. ಆಸಿಡ್ ಮತ್ತು ಬ್ಲೀಚ್ ಸೇರಿದರೆ ವಿಷದ ಕ್ಲೋರಿನ್ ಅನಿಲ ಬರುತ್ತದೆ.

ತೊಳೆದ ಮೇಲೆ ತಪಾಸಣೆ. ಕಡ್ಡಿಯನ್ನು ಗಾಜಿನ ಮೇಲೆ ಉರುಳಿಸಿ, ಬಿರುಕು ಬಿಟ್ಟಿದ್ದರೆ ಮುಗ್ಗರಿಸುತ್ತದೆ. ಬುಶ್ ಎಲ್ಲವೂ ಇವೆಯಾ, ತೂತು ಸವೆದು ಮೊಟ್ಟೆಯಾಕಾರ ಆಗಿದೆಯಾ ನೋಡಿ. ಮುಳ್ಳುಗಳು ಒಂದೇ ಕಡೆ ನಾಲ್ಕಾರು ಮುರಿದಿದ್ದರೆ ಚಕ್ರದ ತೂಕ ತಪ್ಪಿ ಅದುರುತ್ತದೆ, ಬದಲಾಯಿಸಲೇಬೇಕು. ಆಯಸ್ಕಾಂತದ ಪ್ಲಾಸ್ಟಿಕ್ ಹೊದಿಕೆ ಉಬ್ಬಿದ್ದರೆ, ಬಿರುಕಿನಿಂದ ತುಕ್ಕಿನ ಬಣ್ಣ ಇಣುಕುತ್ತಿದ್ದರೆ, ತೊಳೆದು ಮತ್ತೆ ಹಾಕುವ ಆಸೆ ಬಿಡಿ. ಸದ್ದಿನ ಮಾತು ಹಾಗಿರಲಿ, ಲೋಹ ನೀರಿಗೆ ಇಳಿದು ಹವಳಕ್ಕೆ ಕುತ್ತು. ಇನ್ನೊಂದು ವಿಷಯ: ಎಸಿ ಪಂಪ್‌ಗಳಲ್ಲಿ ಚಕ್ರ ಆಯಸ್ಕಾಂತದ ಮೇಲೆ ಸ್ವಲ್ಪ ದೂರ ಸಡಿಲವಾಗಿ ತಿರುಗಿ ಆಮೇಲೆ ಹಿಡಿದುಕೊಳ್ಳುವುದು ಸಾಮಾನ್ಯ. ಅದು ದೋಷ ಅಲ್ಲ, ಪಂಪ್ ಶುರುವಾಗಲು ಬೇಕಾದ ಸಡಿಲ. ಅಂಟು ಹಾಕಿ ಕೂರಿಸಬೇಡಿ.

ಜೋಡಿಸಿ ನೀರಿಗಿಳಿಸಿದ ಮೇಲೆ ಕೆಲವು ನಿಮಿಷ ಕಿರಿಕಿರಿ ಸದ್ದು ಬರಬಹುದು, ಗುಳಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಪ್ಲಗ್ ತೆಗೆದು ಪಂಪನ್ನು ನೀರೊಳಗೇ ಅತ್ತಿತ್ತ ಓಲಾಡಿಸಿದರೆ ಹೊರಟುಹೋಗುತ್ತದೆ. ಕಟಕಟ ಜೋರಾಗಿದ್ದು, ನೊರೆಯೂ ಏಳದಿದ್ದರೆ ಪಂಪ್ ಉಲ್ಟಾ ತಿರುಗುತ್ತಿರಬಹುದು. ಎಸಿ ಮೋಟರ್ ಒಮ್ಮೊಮ್ಮೆ ಹಾಗೆ ಶುರುವಾಗುತ್ತದೆ. ಪ್ಲಗ್ ತೆಗೆದು, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಹಾಕಿ. ಪ್ರತಿ ಸಲ ಹೀಗೇ ಆಗುತ್ತಿದ್ದರೆ ಇಂಪೆಲ್ಲರ್ ಸವೆದಿದೆ. ಹೊಸ ಕಡ್ಡಿ, ಹೊಸ ಇಂಪೆಲ್ಲರ್ ಹಾಕಿದ ಮೇಲೂ ಗರಗರ ಹೋಗದಿದ್ದರೆ ಗುಳಿಯೇ ಸವೆದಿರುತ್ತದೆ, ಆಗ ಪಂಪ್ ಬದಲಾಯಿಸುವುದೊಂದೇ ದಾರಿ.

ಗುಂಯ್ ಅನ್ನುವ ನಡುಕ

50 ಹರ್ಟ್ಸ್ ಕರೆಂಟ್‌ನಲ್ಲಿ ಓಡುವ ಎಸಿ ಪಂಪ್ ಸೆಕೆಂಡಿಗೆ 100 ಸಲ ಅದುರುತ್ತದೆ, 60 ಹರ್ಟ್ಸ್ ಇರುವ ಕಡೆ 120 ಸಲ. ಆ ಅದುರು ನೀರಲ್ಲೇ ಇದ್ದರೆ ಕೇಳಿಸುವುದೇ ಇಲ್ಲ. ಗಾಜು, ಹಲಗೆ, ಗೋಡೆ ಸಿಕ್ಕರೆ ಅವೇ ಕೂಗಲು ಶುರು ಮಾಡುತ್ತವೆ. ರಾತ್ರಿ ಮನೆ ಸುಮ್ಮನಾದ ಮೇಲೆ ಜಾಸ್ತಿ ಕಾಡುವುದು ಇದೇ ಸದ್ದು, ಅಲ್ವಾ?

ಸ್ಕಿಮ್ಮರ್ ಸುತ್ತ ಎಲ್ಲ ಕಡೆ ಒಂದು ಬೆರಳಿನಷ್ಟು ಜಾಗ ಇರಲಿ. ಪಂಪ್ ಸಂಪ್ ಗಾಜಿಗೆ ತಾಗಿರುವುದು ಮೇಲಿಂದ ಗೊತ್ತಾಗುವುದಿಲ್ಲ, ತೆಳು ಪ್ಲಾಸ್ಟಿಕ್ ಪಟ್ಟಿ ತೂರಿಸಿ ನೋಡಿ. ರಬ್ಬರ್ ಪಾದಗಳು ವರ್ಷಗಳ ಮೇಲೆ ಗಟ್ಟಿಯಾಗಿ ಬಿಡುತ್ತವೆ. ಉಗುರಿನಿಂದ ಒತ್ತಿದಾಗ ತಗ್ಗದಿದ್ದರೆ ಬದಲಾಯಿಸಿ, ಇಲ್ಲವೇ ಸ್ಕಿಮ್ಮರ್ ಕೆಳಗೆ ದಪ್ಪನೆಯ ಸಿಲಿಕೋನ್ ಹಾಳೆ ಹಾಸಿ. ಆಹಾರಕ್ಕೆ ಬಳಸುವ ಸಿಲಿಕೋನ್ ಆದರೆ ಉಪ್ಪುನೀರಿಗೂ ಪರವಾಗಿಲ್ಲ, ಯಾವುದೋ ಕಪ್ಪು ರಬ್ಬರ್ ಹಾಸಬೇಡಿ. ಏರ್ ಟ್ಯೂಬ್ ಮತ್ತು ವೈರ್ ಎಲ್ಲಿ ಹಲಗೆಗೆ ತಾಗುತ್ತವೆ ನೋಡಿ, ಅವೂ ನಡುಕ ಸಾಗಿಸುತ್ತವೆ, ಸಡಿಲವಾಗಿ ತೂಗುಬಿಡಿ. ವೈರ್ ಪ್ಲಗ್‌ಗೆ ಹೋಗುವ ಮುಂಚೆ ಒಮ್ಮೆ ಕೆಳಗೆ ಬಾಗಿ ಮೇಲೇರಲಿ, ನೀರು ಜಾರಿದರೂ ಪ್ಲಗ್‌ವರೆಗೆ ಹೋಗುವುದಿಲ್ಲ.

ಕಪ್ ಮುಚ್ಚಳ ಟರ್ ಅನ್ನುತ್ತಿದ್ದರೆ ಬೆರಳಿಂದ ಒತ್ತಿ ನೋಡಿ, ಸದ್ದು ನಿಂತರೆ ಅಂಚಿಗೆ ಸಣ್ಣ ಸಿಲಿಕೋನ್ ತುಂಡು ಸಿಕ್ಕಿಸಿದರೆ ಮುಗಿಯಿತು. ಡಿಸಿ ಪಂಪ್ ಇದ್ದರೆ ವೇಗ ಒಂದು ಹಂತ ಹೆಚ್ಚುಕಮ್ಮಿ ಮಾಡಿ. ಒಂದೇ ಒಂದು ವೇಗದಲ್ಲಿ ಮಾತ್ರ ಕ್ಯಾಬಿನೆಟ್ ಗುಂಯ್‌ಗುಡುವುದುಂಟು.

ಗುಳುಗುಳು, ಧೋ ಅನ್ನುವ ನೀರು

ಸಂಪ್‌ನಲ್ಲಿ ಕೂರುವ ಸ್ಕಿಮ್ಮರ್‌ಗಳಿಗೆ ಸಾಮಾನ್ಯವಾಗಿ 15ರಿಂದ 25 ಸೆಂಟಿಮೀಟರ್ ನೀರು ಬೇಕು. ನಿಮ್ಮದಕ್ಕೆ ಎಷ್ಟು ಅಂತ ಕೈಪಿಡಿಯಲ್ಲಿ ನೋಡಿ, ಅಳತೆಪಟ್ಟಿ ಇಟ್ಟು ಅಳೆಯಿರಿ. ಅಂದಾಜು ಬೇಡ. ನೀರು ಕಡಿಮೆಯಾದರೆ ಔಟ್‌ಲೆಟ್‌ನಿಂದ ನೀರು ಎತ್ತರದಿಂದ ಬಿದ್ದು ಧೋ ಅನ್ನುತ್ತದೆ. ಜಾಸ್ತಿಯಾದರೆ ಒಳಗಿನ ಮಟ್ಟ ಏರಿ ಕಪ್ ಉಕ್ಕುತ್ತದೆ. ಬೆಳಿಗ್ಗೆ ಸುಮ್ಮನಿದ್ದು ಸಂಜೆ ಸದ್ದು ಮಾಡುವ ಸ್ಕಿಮ್ಮರ್ ಇದ್ದರೆ ನೀರು ಆವಿಯಾಗಿ ಮಟ್ಟ ಇಳಿಯುತ್ತಿದೆ ಅಂತಲೇ ತಿಳಿಯಿರಿ. ಸ್ಕಿಮ್ಮರನ್ನು ಸಂಪ್ ಒಳಗೇ ಮಟ್ಟ ಬದಲಾಗದ ಕೋಣೆಗೆ, ಅಂದರೆ ಮುಂದೆ ತಡೆಗೋಡೆ ಇರುವ ಕೋಣೆಗೆ ಸರಿಸಿ. ಸಂಪ್‌ನಲ್ಲಿ ಅಂಥ ಕೋಣೆ ಇಲ್ಲದಿದ್ದರೆ ತಾನಾಗೇ ನೀರು ತುಂಬುವ ಎಟಿಒ ಹಾಕಿ.

ಔಟ್‌ಲೆಟ್ ಬಾಯಿಗೆ ಒಂದು ಎಲ್ಬೋ ಹಾಕಿ ನೀರಿನ ಮೇಲ್ಮೈಗಿಂತ ಚೂರು ಕೆಳಗೆ ಬರುವ ಹಾಗೆ ತಿರುಗಿಸಿದರೆ ಬೀಳುವ ಸದ್ದು ನಿಲ್ಲುತ್ತದೆ. ಆಳಕ್ಕೆ ಮುಳುಗಿಸಬೇಡಿ. ಔಟ್‌ಲೆಟ್ ಪೈಪ್‌ನ ತಲೆಯಲ್ಲಿ ಗಾಳಿಗೆ ಅಂತ ಒಂದು ತೂತು ಇರುತ್ತದೆ. ಸದ್ದು ಅಲ್ಲಿಂದ ಬರುತ್ತಿದೆ ಅಂತ ಅದನ್ನು ಮುಚ್ಚಿದರೆ ಪೈಪ್ ಸೈಫನ್ ಹಿಡಿದು, ಬಿಟ್ಟು, ಮತ್ತೆ ಹಿಡಿದು ಗುಳುಗುಳು ಇನ್ನೂ ಜೋರಾಗುತ್ತದೆ. ನೀರಿನ ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ, ಅರ್ಧ ಗಂಟೆ ಕಾದು ನೋಡಿ, ಆಮೇಲೆ ಮತ್ತೆ ಮುಟ್ಟಿ.

ಮೀನಿಗೆ ಊಟ ಹಾಕಿದ ಮೇಲೆ, ಟ್ಯಾಂಕ್ ಒಳಗೆ ಕೈ ಹಾಕಿದ ಮೇಲೆ ನೊರೆ ಕುಸಿದು ಸದ್ದು ಬದಲಾಗುವುದು ಸಹಜ. ಎಣ್ಣೆ ಅಂಶ ಸೇರಿದರೆ ಹಾಗೇ. ಕೆಲವು ಗಂಟೆಯಲ್ಲಿ ಸರಿಹೋಗುತ್ತದೆ, ವಾಲ್ವ್ ತಿರುಗಿಸುತ್ತಾ ಕೂರಬೇಡಿ. ಹೊಸ ಸ್ಕಿಮ್ಮರ್ ಆದರೆ ಒಂದೆರಡು ವಾರ ಹೊಂದಿಕೊಳ್ಳಲು ಬಿಡಿ.

ಇಷ್ಟೆಲ್ಲ ಆದ ಮೇಲೂ ಉಳಿದ ಸದ್ದಿಗೆ ಕ್ಯಾಬಿನೆಟ್ ಬಾಗಿಲ ಒಳಗೆ ಫೋಮ್ ಹಾಳೆ ಅಂಟಿಸಬಹುದು. ಮೊದಲೇ ಅಂಟಿಸಿದರೆ ಸವೆಯುತ್ತಿರುವ ಇಂಪೆಲ್ಲರ್ ಸದ್ದೂ ಅದರೊಳಗೆ ಮುಚ್ಚಿಹೋಗುತ್ತದೆ, ಪಂಪ್ ಪೂರ್ತಿ ನಿಂತಾಗಲೇ ಗೊತ್ತಾಗುವುದು. ಹಿಂದಿನ ಗಾಳಿಕಿಂಡಿಗಳನ್ನು ಮಾತ್ರ ಮುಚ್ಚಬೇಡಿ, ತೇವ ಮತ್ತು ಬಿಸಿ ಒಳಗೇ ಉಳಿದರೆ ವೈರಿಂಗ್ ಹಾಳಾಗುತ್ತದೆ.

ಪಂಪ್ ಶುದ್ಧಿ ಮೂರು ತಿಂಗಳಿಗೊಮ್ಮೆ ಮಾಡಿದರೆ ಸಾಮಾನ್ಯವಾಗಿ ಸಾಕು. ಒಂದೇ ತಿಂಗಳಲ್ಲಿ ಮತ್ತೆ ಗರಗರ ಬಂದರೆ ಪಂಪನ್ನು ಬೈಯುವ ಮುಂಚೆ ಡೋಸಿಂಗ್ ಟ್ಯೂಬ್ (ನೀರಿಗೆ ದ್ರಾವಣ ಹನಿಸುವ ಕೊಳವೆ) ಎಲ್ಲಿ ಬಿಟ್ಟಿದ್ದೀರಿ ನೋಡಿ. ಆಲ್ಕಲಿನಿಟಿ ದ್ರಾವಣ ಅಥವಾ ಸುಣ್ಣದ ನೀರು ಸ್ಕಿಮ್ಮರ್ ಪಂಪ್ ಬಾಯಿಯ ಹತ್ತಿರವೇ ಬೀಳುತ್ತಿದ್ದರೆ, ಬೆರೆಯುವ ಮುಂಚೆಯೇ ಪಂಪ್ ಒಳಗೆ ಹೋಗಿ ಬಿಸಿ ಆಯಸ್ಕಾಂತದ ಮೇಲೆ ಪದರ ಕಟ್ಟುತ್ತದೆ. ಟ್ಯೂಬನ್ನು ಸ್ಕಿಮ್ಮರ್‌ನಿಂದ ದೂರ, ನೀರು ಜೋರಾಗಿ ಹರಿಯುವ ಕಡೆಗೆ ಸರಿಸಿ. ಆಲ್ಕಲಿನಿಟಿಯನ್ನೂ ಒಮ್ಮೆ ಅಳೆಯಿರಿ: 8 ಅಥವಾ 9 ಡಿಕೆಎಚ್ (ಆಲ್ಕಲಿನಿಟಿಯ ಅಳತೆಮಾನ) ಇರುವ ಟ್ಯಾಂಕ್‌ಗಿಂತ 11, 12 ಇರುವ ಟ್ಯಾಂಕ್‌ನ ಪಂಪ್‌ಗೆ ಸುಣ್ಣ ಬೇಗ ಹಿಡಿಯುತ್ತದೆ.